ನಗರದ ಕೋಟೆಗೆ ಬಂದ ಒಂದು ಕಾಗದ

ದೀಪಾವಳಿ ರಜೆಗೆ ತೀರ್ಥಹಳ್ಳಿಗೆ ಹೋಗಿದ್ದೆ. ಬ್ಯಾಗು ಇಳಿಸುವಷ್ಟರಲ್ಲಿ ಅಕ್ಕನ ಮಗ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ತಂದು ನನ್ನ ಮುಂದೆ ಇಟ್ಟ. ಎಂಟನೇ ಕ್ಲಾಸು ಓದುವ ಹುಡುಗ. ಅವನೊಂದು ಕಾದಂಬರಿ ಬರೀತಿದ್ದಾನಂತೆ. ಕಥೆ ನಡೆಯುವುದು ಭೂಮಿಯ ಮೇಲಲ್ಲ, ಬೇರೆ ಯಾವುದೋ ಗ್ರಹದಲ್ಲಿ. ಅಲ್ಲಿನ ಜನಕ್ಕೆ ಮೂರು ಕಣ್ಣು, ನೀಲಿ ರಕ್ತ. ಆ ಗ್ರಹದ ಸರ್ಕಾರದಲ್ಲಿ ಇಬ್ಬರು ಬಲಶಾಲಿಗಳು. ಒಬ್ಬ ಸೈನ್ಯದ ಮುಖ್ಯಸ್ಥ, ಇನ್ನೊಬ್ಬ ಗುಪ್ತ ಪೊಲೀಸರ ಮುಖ್ಯಸ್ಥ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಇಬ್ಬರೂ ಲೇಸರ್ ಗನ್ ಹಿಡಿದು ಎದುರುಬದುರು ನಿಂತಿದ್ದಾರೆ. ಕಥೆ ಅಲ್ಲಿಗೇ ನಿಂತಿದೆ.

"ಮಾವ, ಇವರಿಬ್ರಲ್ಲಿ ಯಾರು ಗೆಲ್ಬೇಕು?" ಅಂತ ಕೇಳಿದ.

"ಸೈನ್ಯದವನ ಹತ್ರ ಜನ ಜಾಸ್ತಿ, ಅವನೇ ಗೆಲ್ತಾನೆ" ಅಂದೆ.

"ಮತ್ತೆ ಗುಪ್ತ ಪೊಲೀಸಿನವನಿಗೆ ಎಲ್ಲರ ಗುಟ್ಟೂ ಗೊತ್ತಲ್ದಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಇಂಜಿನಿಯರಿಂಗ್ ಓದಿದವನು, ಇತಿಹಾಸದ ಮೇಷ್ಟ್ರಲ್ಲ. ಆದರೆ ಕೆಳದಿ, ನಗರ, ಹೈದರ್ ಅಂತ ಓದುವ ಹುಚ್ಚು ಕಾಲೇಜಿನಿಂದಲೂ ಇದೆ. ಈ ಜಗಳ ನಡೆದಿದ್ದನ್ನು ನೋಡಲು ಇನ್ನೊಂದು ಗ್ರಹಕ್ಕೆ ಹೋಗಬೇಕಾಗಿಲ್ಲ, ನಮ್ಮ ಮನೆಯಿಂದ ಬೈಕಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ನಡೆದಿದೆ ಅಂತ ಹೇಳಿದೆ. ಅವನು ನಂಬಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಕಡುಬು, ಚಟ್ನಿ ಹಿಡಿದುಕೊಂಡು ಇಬ್ಬರೂ ಹೊರಟೆವು.

ಮೊದಲು ಹತ್ತಿದ್ದು ಕವಲೇದುರ್ಗ. ಕೆಳದಿ ಅರಸರ ಗಟ್ಟಿ ಕೋಟೆಗಳಲ್ಲಿ ಇದೂ ಒಂದು. ಹಳೆಯ ಹೆಸರು ಭುವನಗಿರಿ ದುರ್ಗ. ಗದ್ದೆಯ ಬದುವಿನಲ್ಲಿ ನಡೆದು ಹೋದರೆ ಕಲ್ಲಿನ ಹಾದಿ ಶುರು. ಒಂದು ಗೋಡೆ ದಾಟಿದರೆ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು. ಪ್ರತಿ ಬಾಗಿಲಿನ ಪಕ್ಕದಲ್ಲಿ ಕಾವಲಿನವರು ಕೂರುವ ಕೋಣೆ. ಹುಡುಗ ಒಂದೊಂದು ಕೋಣೆಯ ಒಳಗೂ ಹೋಗಿ ಕೂತು ನೋಡಿದ.

"ಇಷ್ಟೆಲ್ಲ ಕಾವಲು ಇದ್ರೆ ಶತ್ರು ಒಳಗೆ ಬರೋದು ಹ್ಯಾಂಗೆ?" ಅಂದ.

"ಬರೋದಿಲ್ಲ. ಒಳಗಿದ್ದವರೇ ಕರ್ಕೊಂಡು ಬರ್ತಾರೆ" ಅಂದೆ. ಅದನ್ನು ವಿವರಿಸುವುದಕ್ಕೆ ನಗರಕ್ಕೆ ಹೋಗಬೇಕಿತ್ತು.

ಹೊಸನಗರ ತಾಲ್ಲೂಕಿನ ನಗರ ಈಗ ಒಂದು ಸಣ್ಣ ಊರು. ನಾಲ್ಕು ಅಂಗಡಿ, ಒಂದು ಬಸ್ ಸ್ಟಾಪು, ರಸ್ತೆ ಪಕ್ಕದಲ್ಲೇ ಕೋಟೆ. ಅದರ ಹಳೆಯ ಹೆಸರು ಬಿದನೂರು. ಕೆಳದಿ ನಾಯಕರ ರಾಜಧಾನಿ ಮೊದಲು ಕೆಳದಿಯಲ್ಲಿ, ಆಮೇಲೆ ಇಕ್ಕೇರಿಯಲ್ಲಿ, ಕೊನೆಗೆ ವೀರಭದ್ರ ನಾಯಕನ ಕಾಲದಲ್ಲಿ ಇಲ್ಲಿಗೆ ಬಂತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಇದನ್ನು ದೊಡ್ಡ ಪಟ್ಟಣ ಮಾಡಿದ. ಸುತ್ತಲೂ ಕಾಡು, ಗುಡ್ಡ, ವರ್ಷದಲ್ಲಿ ಅರ್ಧ ಕಾಲ ಮಳೆ. ಹೊರಗಿನ ದಂಡಿಗೆ ಇಲ್ಲಿಗೆ ಬರುವ ದಾರಿ ಹುಡುಕುವುದೇ ಕಷ್ಟ.

1763ರಲ್ಲಿ ಹೈದರ್ ಅಲಿ ಬಂದಾಗ ಇಲ್ಲಿ ರಾಣಿ ವೀರಮ್ಮಾಜಿಯ ಆಳ್ವಿಕೆ. ಹೈದರನ ಕಾಲದ ಕಥೆಗಳನ್ನು ವಿವರವಾಗಿ ಬರೆದಿಟ್ಟವನು ಮಾರ್ಕ್ ವಿಲ್ಕ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ. ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ರೆಸಿಡೆಂಟ್ ಕೆಲಸ ಮಾಡಿದವನು. ಗೆದ್ದವರ ಕಡೆಯವನು ಬರೆದ ಇತಿಹಾಸ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅವನನ್ನು ಓದಬೇಕು. ಅವನು ಹೇಳುವ ಪ್ರಕಾರ ಹೈದರನಿಗೆ ಕುಂಸಿಯ ಸೆರೆಮನೆಯಲ್ಲಿ ಲಿಂಗಣ್ಣ ಅನ್ನುವವನು ಸಿಕ್ಕಿದ. ಅವನು ಬಿದನೂರಿನ ಹಿಂದಿನ ಅರಸನಿಗೆ ಮಂತ್ರಿಯಾಗಿದ್ದವನು. ಅರಮನೆಯ ಒಳಜಗಳದಲ್ಲಿ ಸೋತು ಜೈಲು ಸೇರಿದ್ದ. ಪಟ್ಟಣಕ್ಕೆ ನುಗ್ಗುವ ಗುಟ್ಟಿನ ದಾರಿಯನ್ನು ತೋರಿಸಿದವನು ಅವನೇ. ಎದುರು ಬಾಗಿಲಲ್ಲಿ ಸುಮ್ಮನೆ ಗದ್ದಲ ಎಬ್ಬಿಸಿ, ಹೈದರ್ ಆ ದಾರಿಯಲ್ಲಿ ಒಳಗೆ ಬಂದ. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನ ದುರ್ಗಕ್ಕೆ ಓಡಿದಳು. ಅಲ್ಲಿ ಸಿಕ್ಕಿಬಿದ್ದು ಮಧುಗಿರಿ ಕೋಟೆಯಲ್ಲಿ ಸೆರೆಯಾದಳು.

"ಅಂದ್ರೆ ಕೋಟೆ ಒಡೆದಿದ್ದು ಫಿರಂಗಿ ಅಲ್ಲ" ಅಂದ ಹುಡುಗ.

"ಅಲ್ಲ. ಇವರೇ ಜೈಲಿಗೆ ಹಾಕಿದ್ದ ಒಬ್ಬ ಮನುಷ್ಯ."

ಹೈದರನಿಗೆ ಊರು ಇಷ್ಟವಾಯಿತು. ಹೈದರ್ ನಗರ ಅಂತ ತನ್ನ ಹೆಸರನ್ನೇ ಇಟ್ಟ. ಈಗಿನ ನಗರ ಅನ್ನುವ ಹೆಸರು ಉಳಿದಿದ್ದು ಹಾಗೆ. ಅವನ ಹೆಸರಿನ ಬಹಾದ್ದೂರಿ ವರಹ ನಾಣ್ಯದ ಒಂದು ಕಡೆ ಶಿವ ಪಾರ್ವತಿಯರ ಚಿತ್ರ, ಇನ್ನೊಂದು ಕಡೆ ಅವನ ಹೆಸರಿನ ಪಾರ್ಸಿ ಅಕ್ಷರ.

ಆದರೆ ಗೆದ್ದ ವರ್ಷವೇ ಅವನನ್ನು ಮುಗಿಸುವ ಸಂಚು ಇಲ್ಲಿ ನಡೆಯಿತು. ಹೈದರನಿಗೆ ಕಾಯಿಲೆ. ಏನೋ ನಡೀತಿದೆ ಅಂತ ಗುಮಾನಿ ಬಂದು, ನಂಬಿಕೆಯ ಹಳೆ ಅಧಿಕಾರಿಗಳಿಗೆ ಗುಟ್ಟಾಗಿ ವಿಚಾರಣೆ ಮಾಡಿ ಅಂತ ಹೇಳಿದ. ವಿಲ್ಕ್ಸ್ ಬರೆಯುವಂತೆ, ವಿಚಾರಣೆ ಮಾಡುವುದಕ್ಕೆ ಹೊರಟವರೇ ಸಂಚಿನಲ್ಲಿ ಸೇರಿಕೊಂಡಿದ್ದರು! ಅವರು ಬಂದು ಏನೇನೋ ಗೋಜಲು ವರದಿ ಓದಿದರು. ಜ್ವರದಲ್ಲಿ ಹಾಸಿಗೆ ಹಿಡಿದಿದ್ದ ಹೈದರ್ ಮಲಗಿಕೊಂಡೇ ಕೇಳಿಸಿಕೊಂಡ. ಮಾತಿಗೂ ಮಾತಿಗೂ ತಾಳೆ ಆಗದ್ದು ಅವನಿಗೆ ಗೊತ್ತಾಯಿತು. ವರದಿ ತಂದವರನ್ನೇ ಪ್ರಶ್ನಿಸಿ ನಿಜ ಹೊರಡಿಸಿದ. ಅವರನ್ನು ಅಲ್ಲೇ ನೇಣು ಹಾಕಿಸಿದ. ಮುನ್ನೂರಕ್ಕೂ ಹೆಚ್ಚು ಜನ ಸತ್ತರು ಅಂತ ವಿಲ್ಕ್ಸ್ ಲೆಕ್ಕ ಕೊಡುತ್ತಾನೆ.

ನಮ್ಮ ಕೆಲಸದಲ್ಲಿ ಒಂದು ಸಣ್ಣ ನಿಯಮ ಇದೆ. ನೀನು ಬರೆದ ಕೋಡನ್ನು ನೀನೇ ಪಾಸು ಮಾಡುವ ಹಾಗಿಲ್ಲ, ಬೇರೆಯವರು ನೋಡಬೇಕು. ಬೇಜಾರಿನ ನಿಯಮ, ಎಲ್ಲರೂ ಬೈಯುತ್ತಾರೆ. ಆದರೆ ತಪಾಸಣೆ ಮಾಡುವವನೂ ತಪ್ಪು ಮಾಡಿದವನೂ ಒಬ್ಬನೇ ಆದರೆ ಏನಾಗುತ್ತದೆ ಅನ್ನುವುದಕ್ಕೆ ಬಿದನೂರಿಗಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ಮೈಸೂರಿನ ಅಂಚೆಯ ಬಗ್ಗೆ ಒಂದು ಮಾತು. ಅಂಚೆ ಅಂದ ಕೂಡಲೇ ನಮಗೆ ಕೆಂಪು ಡಬ್ಬಿ, ಖಾಕಿ ಬಟ್ಟೆಯ ಪೋಸ್ಟ್‌ಮ್ಯಾನ್ ನೆನಪಾಗುತ್ತಾನೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಂಚೆ ಹಾಗಿರಲಿಲ್ಲ. ಕಾಗದ ಸಾಗಿಸುವುದು ಅದರ ಒಂದು ಕೆಲಸ. ಊರೂರಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದು ಇನ್ನೊಂದು ಕೆಲಸ. ಯಾರು ಏನು ಮಾಡಿದರು, ಯಾರ ಮನೆಗೆ ಯಾರು ಬಂದರು, ಯಾವ ಅಧಿಕಾರಿ ಹೇಗೆ ನಡೆದುಕೊಂಡ, ಎಲ್ಲ ವರದಿ. ಅಂದರೆ ಟಪಾಲು ಮತ್ತು ಬೇಹುಗಾರಿಕೆ ಒಂದೇ ಇಲಾಖೆ. ಈ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೂ ಇತ್ತು. ಹೈದರನ ಕೊನೆಗಾಲದಲ್ಲಿ ಅದರ ಮುಖ್ಯಸ್ಥನಾಗಿದ್ದವನು ಅಂಚೆ ಶಾಮಯ್ಯ. ಟಪಾಲು, ಪೊಲೀಸು ಎರಡೂ ಅವನ ಕೈಯಲ್ಲಿ. ದಂಡಿನವರು ಕೂಡ ಅವನ ಹೆಸರು ಕೇಳಿದರೆ ದನಿ ತಗ್ಗಿಸುತ್ತಿದ್ದರು ಅಂತ ಊಹಿಸುವುದು ಕಷ್ಟವಲ್ಲ.

"ನನ್ನ ಕಥೆಯ ಗುಪ್ತ ಪೊಲೀಸ್ ಇವನೇ!" ಅಂದ ಹುಡುಗ. ಕೋಟೆಯ ಮೇಲೆ ದರ್ಬಾರು ನಡೆಯುತ್ತಿದ್ದ ಜಾಗದಲ್ಲಿ ಕೂತು ಕಡುಬು ತಿನ್ನುತ್ತಿದ್ದೆವು. ಕೆಳಗೆ ಕೆರೆ, ಆಚೆಗೆ ಕಾಡು. "ಹಾಗಾದ್ರೆ ಸೈನ್ಯದವನು ಯಾರು?"

ಅವನ ಹೆಸರು ಅಯಾಜ್. ಹಯಾತ್ ಸಾಹೇಬ ಅಂತಲೂ ಕರೆಯುತ್ತಾರೆ. ಮಲಬಾರಿನ ನಾಯರ್ ಹುಡುಗ. ಹೈದರನ ದಂಡಯಾತ್ರೆಯಲ್ಲಿ ಸೆರೆ ಸಿಕ್ಕಿ, ಮತಾಂತರವಾಗಿ, ಸೈನ್ಯದಲ್ಲಿ ಮೇಲೆ ಬಂದವನು. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಹೈದರ್ ಅವನನ್ನು ಅಲ್ಲಿಯ ಆಡಳಿತಕ್ಕೆ ಇಟ್ಟ, ಆಮೇಲೆ ಬಿದನೂರಿಗೆ ಕಳಿಸಿದ. ನನಗೆ ಓದು ಬರಹ ಬರುವುದಿಲ್ಲ ಅಂತ ಅಯಾಜ್ ಹಿಂಜರಿದಾಗ ಹೈದರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಹೈದರನಿಗೂ ಅಕ್ಷರ ಬರುತ್ತಿರಲಿಲ್ಲ. ಈ ಅಯಾಜನ ಮೇಲೆ ಹೈದರನಿಗೆ ಎಷ್ಟು ಪ್ರೀತಿ ಅಂದರೆ, ಮಗ ಟಿಪ್ಪುವಿನ ಎದುರೇ ಅವನನ್ನು ಹೊಗಳುತ್ತಿದ್ದ. ಟಿಪ್ಪುವಿಗೆ ಅದು ಹಿಡಿಸುತ್ತಿರಲಿಲ್ಲ. ಮನೆಯೊಳಗೆ ಇಂಥದ್ದು ಬೆಳೆದರೆ ಎಲ್ಲಿಗೆ ಹೋಗುತ್ತದೆ ಅಂತ ಓದುಗರಿಗೆ ನಾನು ಹೇಳಬೇಕಾಗಿಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಯುದ್ಧದ ಬಿಡಾರದಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಆಗ ಮಲಬಾರಿನಲ್ಲಿ. ಅವನು ಬಂದು ಮುಟ್ಟುವವರೆಗೆ ಸಾವಿನ ಸುದ್ದಿಯನ್ನೇ ಮುಚ್ಚಿಟ್ಟರು. ಹೆಣವನ್ನು ಖಜಾನೆಯ ಪೆಟ್ಟಿಗೆಯ ಹಾಗೆ ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಸಾಗಿಸಿದರು. ಅಷ್ಟರೊಳಗೇ ಸೇನೆಯ ಇಬ್ಬರು ದೊಡ್ಡವರು ಟಿಪ್ಪುವಿನ ತಮ್ಮನನ್ನು ಗದ್ದುಗೆಗೆ ತರಲು ಹೊರಟು ಸಿಕ್ಕಿಬಿದ್ದರು. ಹೊಸ ಅರಸನಿಗೆ ಮೊದಲ ದಿನದಿಂದಲೂ ಯಾರನ್ನು ನಂಬಬೇಕು ಅನ್ನುವುದೇ ಚಿಂತೆ.

ಅದೇ ಹೊತ್ತಿಗೆ ಮುಂಬೈಯಿಂದ ಬಂದ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಘಾಟಿ ಹತ್ತುತ್ತಿದ್ದ. ನಗರದ ಕೋಟೆಯಲ್ಲಿ ಅಯಾಜ್. ಟಿಪ್ಪು ತನಗೆ ಒಳ್ಳೆಯದು ಮಾಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಊರಿಗೆ ಬರುವ ಪ್ರತಿ ಕಾಗದವನ್ನೂ ಅದು ಯಾರಿಗೇ ಬಂದಿರಲಿ ತಡೆದು ಓದಿಸುತ್ತಿದ್ದ. ತಾನೇ ಓದಲು ಬಾರದು, ಹಾಗಾಗಿ ಓದಿ ಹೇಳುವುದಕ್ಕೆ ಒಬ್ಬ ಬ್ರಾಹ್ಮಣ.

ಒಂದು ದಿನ ಕೋಟೆಯ ಎರಡನೇ ಅಧಿಕಾರಿಗೆ ಒಂದು ಕಾಗದ ಬಂತು. ಓದುಗಾರ ಬಿಚ್ಚಿ ಓದಿದ. ಅಯಾಜನನ್ನು ಮುಗಿಸಿ ನೀನು ಅಧಿಕಾರ ವಹಿಸಿಕೋ ಅನ್ನುವ ಅರ್ಥದ ಆಜ್ಞೆ ಅದರಲ್ಲಿತ್ತು. ಅಯಾಜ್ ಒಂದು ಕ್ಷಣವೂ ತಡ ಮಾಡಲಿಲ್ಲ ಅಂತ ವಿಲ್ಕ್ಸ್ ಬರೆಯುತ್ತಾನೆ. ಗುಟ್ಟು ಹೊರಗೆ ಹೋಗಬಾರದು ಅಂತ ಮೊದಲು ಆ ಓದುಗಾರನನ್ನೇ ಕೊಂದ. ಕಾಗದವನ್ನು ತನ್ನ ಹತ್ತಿರವೇ ಇಟ್ಟುಕೊಂಡು ಮ್ಯಾಥ್ಯೂಸನ ಜೊತೆ ಒಪ್ಪಂದಕ್ಕೆ ಹೊರಟ. 1783ರ ಜನವರಿ ಕೊನೆಯಲ್ಲಿ ನಗರ ಇಂಗ್ಲಿಷರ ಕೈಗೆ ಹೋಯಿತು.

ಏಪ್ರಿಲ್ ಕೊನೆಗೆ ಟಿಪ್ಪು ಬಂದು ಮುತ್ತಿಗೆ ಹಾಕಿ ನಗರವನ್ನು ವಾಪಸ್ ತೆಗೆದುಕೊಂಡ. ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತ. ಅಯಾಜ್ ಮಾತ್ರ ಅಷ್ಟರೊಳಗೆ ಕರಾವಳಿಗೆ ಇಳಿದು ಮುಂಬೈ ಸೇರಿದ್ದ. ಟಿಪ್ಪು ಇಲ್ಲಿಂದ ಮಂಗಳೂರಿಗೆ ಇಳಿದು ಅಲ್ಲಿಯ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಸಂಚು. ಒಡೆಯರ ಮನೆತನವನ್ನು ಮತ್ತೆ ಗದ್ದುಗೆಗೆ ತರಬೇಕು ಅನ್ನುವುದು ಉದ್ದೇಶ. ಅದೂ ಮುಂಚೆಯೇ ಬಯಲಾಯಿತು. ಸಿಕ್ಕಿಬಿದ್ದವರಲ್ಲಿ ಯಾರಿದ್ದರು ಗೊತ್ತಾ? ಅಂಚೆ ಶಾಮಯ್ಯ. ಊರಿನವರ ಗುಟ್ಟನ್ನೆಲ್ಲ ಅರಮನೆಗೆ ಮುಟ್ಟಿಸುತ್ತಿದ್ದ ಮನುಷ್ಯನನ್ನು ಕಬ್ಬಿಣದ ಪಂಜರದಲ್ಲಿ ಇಟ್ಟರಂತೆ.

ಒಂದೇ ವರ್ಷ, 1783. ಕಾಗದದ ಭಯಕ್ಕೆ ದಂಡಿನವನು ಕೋಟೆ ಬಿಟ್ಟುಕೊಟ್ಟ. ಕಾಗದಗಳ ಯಜಮಾನ ಪಂಜರ ಸೇರಿದ.

ಇದು ನಮ್ಮ ಊರಿನದ್ದೇ ವಿಶೇಷ ಅಂದುಕೊಳ್ಳಬೇಡಿ. ಸ್ಟಾಲಿನ್ನನ ರಷ್ಯಾದಲ್ಲಿ 1937ರ ಜೂನ್‌ನಲ್ಲಿ ಗುಪ್ತ ಪೊಲೀಸರು ಮಾರ್ಷಲ್ ತುಖಾಚೆವ್‌ಸ್ಕಿಯ ಮೇಲೆ ದೇಶದ್ರೋಹ ಹೊರಿಸಿ, ಗುಂಡಿಟ್ಟು ಕೊಂದರು. ಐದು ಜನ ಮಾರ್ಷಲ್‌ಗಳಲ್ಲಿ ಮೂವರು ಆ ಬೇಟೆಯಲ್ಲಿ ಹೋದರು. ಆ ಬೇಟೆ ನಡೆಸಿದ ಗುಪ್ತ ಪೊಲೀಸ್ ಮುಖ್ಯಸ್ಥ ಯೆಜೋವ್‌ನನ್ನು ಅವನದೇ ಇಲಾಖೆ 1940ರಲ್ಲಿ ಮುಗಿಸಿತು. ಅವನ ಜಾಗಕ್ಕೆ ಬಂದ ಬೆರಿಯಾನನ್ನು 1953ರ ಜೂನ್‌ನಲ್ಲಿ ಹಿಡಿದವರು ಸೈನ್ಯದ ಅಧಿಕಾರಿಗಳು. ಡಿಸೆಂಬರ್‌ನಲ್ಲಿ ಅವನಿಗೂ ಗುಂಡು. ಈ ಜಗಳದಲ್ಲಿ ಯಾರೂ ಪೂರ್ತಿ ಗೆಲ್ಲುವುದಿಲ್ಲ, ಸರದಿ ಬದಲಾಗುತ್ತದೆ ಅಷ್ಟೇ. ಇಬ್ಬರ ನಡುವಿನ ಭಯವನ್ನು ಬೇಕಂತಲೇ ಬೆಳೆಸಿ ಮೇಲೆ ಕೂತವನೊಬ್ಬ ಮಾತ್ರ ಸ್ವಲ್ಪ ದಿನ ನಿದ್ದೆ ಮಾಡುತ್ತಾನೆ.

ಇದನ್ನೆಲ್ಲ ಹುಡುಗನಿಗೆ ಹೇಳುವಾಗ ಚೆನ್ನಾಗಿ ಕೇಳಿಸಿಕೊಂಡ. ಆಮೇಲೆ ಅವನು ಕೇಳಿದ್ದು ಅಯಾಜನ ಬಗ್ಗೆ ಅಲ್ಲ, ಶಾಮಯ್ಯನ ಬಗ್ಗೆಯೂ ಅಲ್ಲ.

"ಆ ಕಾಗದ ಓದಿದವನ ಹೆಸ್ರೇನು ಮಾವ?"

"ವಿಲ್ಕ್ಸ್ ಹೆಸರು ಹೇಳೋದಿಲ್ಲ."

"ಅವನದ್ದೆಂತ ತಪ್ಪು? ಓದು ಅಂದ್ರು, ಓದಿದ."

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದಕ್ಕಿಂತ ಬಾಯಿಗೆ ಬರಲಿಲ್ಲ ಅನ್ನುವುದು ಸರಿ.

ಆರು ವರ್ಷದ ಹಿಂದೆ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಇದ್ದೆ. ಆಫೀಸಿನ ಕಂಪ್ಯೂಟರುಗಳಿಂದ ಯಾರು ಯಾವ ವೆಬ್‌ಸೈಟಿಗೆ ಹೋದರು ಅನ್ನುವ ಲಾಗ್ ಇರುವ ಸರ್ವರ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಏನಾದರೂ ಕೆಟ್ಟರೆ ಸರಿ ಮಾಡುವುದಕ್ಕೆ ಕೊಟ್ಟ ಕೀಲಿ ಅದು. ಒಂದು ಸಂಜೆ ಮ್ಯಾನೇಜರ್ ಪಕ್ಕಕ್ಕೆ ಕರೆದು, ಟೀಮಿನಲ್ಲಿ ಯಾರ್ಯಾರು ಬೇರೆ ಕೆಲಸ ಹುಡುಕುತ್ತಿದ್ದಾರೆ ನೋಡಿ ಹೇಳು ಅಂದ. ಹತ್ತು ನಿಮಿಷದ ಕೆಲಸ. ಮೂರು ಹೆಸರು ಬಂತು. ಒಂದು ಹೆಸರು ನನ್ನ ಪಕ್ಕದ ಸೀಟಿನವನದ್ದು. ಸಾಗರದ ಕಡೆಯವನು, ಊಟದ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದವನು. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ಶಿವಮೊಗ್ಗದಲ್ಲಿ ಏನಾದರೂ ಸಿಗುತ್ತಾ ಅಂತ ಹುಡುಕುತ್ತಿದ್ದ. ಅದೂ ನನಗೆ ಗೊತ್ತಿತ್ತು. ಪಟ್ಟಿಯಲ್ಲಿ ಆ ಹೆಸರು ಬಿಟ್ಟು ಕೊಡಬಹುದಿತ್ತು. ಕೊಡುವುದೇ ಇಲ್ಲ ಅನ್ನಬಹುದಿತ್ತು. ಮೂರೂ ಹೆಸರು ಬರೆದು ಕಳಿಸಿದೆ. ಒಂದು ತಿಂಗಳಲ್ಲಿ, ಇನ್ನೊಂದು ಕೆಲಸ ಸಿಗುವ ಮುಂಚೆಯೇ, ಅವನನ್ನು ಹೋಗು ಅಂದರು. ಹೊರಡುವ ದಿನ ನನ್ನ ಕೈ ಕುಲುಕಿ, ಊರ ಕಡೆ ಬಂದರೆ ಮನೆಗೆ ಬಾ ಅಂದ.

ಓದು ಅಂದರು, ಓದಿದೆ. ಆದರೆ ನಗರದ ಓದುಗಾರನಿಗೂ ನನಗೂ ಒಂದು ವ್ಯತ್ಯಾಸ ಇದೆ. ಅವನು ಜೀವ ಕಳೆದುಕೊಂಡ. ನನಗೆ ಆ ವರ್ಷ ಇನ್‌ಕ್ರಿಮೆಂಟ್ ಆಯಿತು.

ನಗರದಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋದೆವು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಜಗಲಿಯಲ್ಲಿ ಕೂತಾಗ ಹುಡುಗನಿಗೆ ಚೆನ್ನಮ್ಮನ ಕಥೆ ಹೇಳಿದೆ. ಬರೀ ಸಂಚಿನ ಕಥೆ ಕೇಳಿಸಿ ಮಗುವನ್ನು ಮನೆಗೆ ಕರೆದುಕೊಂಡು ಹೋಗುವುದು ಸರಿಯಲ್ಲ ಅನ್ನಿಸಿತು. 1672ರಿಂದ 1697ರವರೆಗೆ ಆಳಿದವಳು ಅವಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ವೇಷ ಮರೆಸಿಕೊಂಡು ಇವಳ ಸೀಮೆಗೆ ಬಂದ. ಹಿಂದೆ ಔರಂಗಜೇಬನ ಸೈನ್ಯ. ಆಶ್ರಯ ಕೊಟ್ಟರೆ ಯುದ್ಧ ಗ್ಯಾರಂಟಿ. ಆದರೂ ಕೊಟ್ಟಳು, ಅವನು ಜಿಂಜಿಗೆ ಹೋಗಿ ಮುಟ್ಟುವ ಹಾಗೆ ನೋಡಿಕೊಂಡಳು. ಯುದ್ಧವೂ ಬಂತು, ಎದುರಿಸಿದಳು. ಅಂಥ ಒಬ್ಬ ಮನುಷ್ಯ ಈ ಕಾಡುದಾರಿಯಲ್ಲಿ ದಾಟಿಹೋದದ್ದು ಎಷ್ಟು ಜನರಿಗೆ ಗೊತ್ತಿದ್ದಿರಬೇಕು! ದಾರಿ ತೋರಿಸಿದವರು, ಅನ್ನ ಹಾಕಿದವರು, ಗಡಿ ಕಾಯುವವರು. ಅವರಲ್ಲಿ ಒಬ್ಬ ಬಾಯಿ ಬಿಟ್ಟಿದ್ದರೂ ಮುಗಿಯುತ್ತಿತ್ತು. ಗುಟ್ಟು ತಿಳಿದುಕೊಳ್ಳುವುದು ಒಂದು ಶಕ್ತಿ ನಿಜ, ತಿಳಿದಿದ್ದನ್ನು ಹೇಳದೆ ಇರುವುದೂ ಶಕ್ತಿಯೇ.

ಸಾಗರದ ಪೇಟೆಯಲ್ಲಿ ಹುಡುಗನಿಗೆ ಐಸ್‌ಕ್ರೀಮ್ ಕೊಡಿಸಿ, ರಸ್ತೆ ಬದಿ ನಿಂತು ಆ ಗೆಳೆಯನ ನಂಬರಿಗೆ ಫೋನ್ ಮಾಡಿದೆ. ಆರು ವರ್ಷದಲ್ಲಿ ಹಬ್ಬದ ಮೆಸೇಜ್ ಬಿಟ್ಟರೆ ಮಾತಿರಲಿಲ್ಲ. ಎತ್ತಿದ. ನಡೆದಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಗೊತ್ತಿತ್ತು ಮಾರಾಯ. ಲಾಗ್ ಸರ್ವರ್ ಯಾರ ಕೈಲಿತ್ತು ಅಂತ ನಂಗೆ ಗೊತ್ತಿರ್ಲಿಲ್ವಾ?" ಅಂದ.

ನಾನು ಕ್ಷಮೆ ಕೇಳಿದೆ. ಅವನು ಆಯ್ತು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಈ ಸಲ ಅಡಿಕೆಗೆ ಕೊಳೆ ಜಾಸ್ತಿ ಅಂದ. ಅಮ್ಮ ತೀರಿಕೊಂಡು ನಾಲ್ಕು ವರ್ಷ ಆಯ್ತು ಅಂದ. ಊರ ಕಡೆ ಬಂದರೆ ಮನೆಗೆ ಬಾ ಅಂತ ಈ ಸಲ ಹೇಳಲಿಲ್ಲ. ಅದನ್ನು ನಾನು ಕೇಳುವ ಹಾಗೂ ಇರಲಿಲ್ಲ.

ಈಗಿನ ಕೆಲಸದಲ್ಲೂ ನನ್ನ ಕೈಯಲ್ಲಿ ಅಂಥದ್ದೊಂದು ಕೀಲಿ ಇದೆ. ಊರಿಂದ ಬಂದ ಮೇಲೆ ಮೊದಲು ಮಾಡಿದ ಕೆಲಸ ಅಂದರೆ, ಆ ಲಾಗ್ ಯಾರು ಯಾವಾಗ ಯಾಕೆ ತೆರೆದರು ಅನ್ನುವುದೂ ಬರೆದು ಉಳಿಯುವಂತೆ, ಒಬ್ಬರೇ ತೆರೆಯಲು ಆಗದಂತೆ ಮಾಡಬೇಕು ಅಂತ ಒಂದು ಪ್ರಸ್ತಾವ ಬರೆದು ಕೊಟ್ಟಿದ್ದು. ಒಪ್ಪುತ್ತಾರೋ ಇಲ್ಲವೋ ನೋಡಬೇಕು. ನೀವು ಕೆಲಸ ಮಾಡುವ ಕಡೆಯೂ ಇಂಥ ಕೀಲಿ ಯಾರದ್ದೋ ಕೈಯಲ್ಲಿ ಇದ್ದೇ ಇರುತ್ತದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಅಪಾರ್ಟ್‌ಮೆಂಟಿನ ಸಿಸಿಟಿವಿ ಕೋಣೆಯಲ್ಲಿ. ಅದನ್ನು ಹಿಡಿದವನು ಕೆಟ್ಟವನೇ ಆಗಿರಬೇಕಾಗಿಲ್ಲ. ಓದು ಅಂದರೆ ಓದುವವನಾದರೆ ಸಾಕು.

ಹುಡುಗ ಮೊನ್ನೆ ಫೋನ್ ಮಾಡಿದ್ದ. ನಾಲ್ಕನೇ ಅಧ್ಯಾಯ ಮುಗಿಯಿತಂತೆ. ಲೇಸರ್ ಗನ್ ತೆಗೆದುಹಾಕಿದ್ದಾನೆ. ಈಗ ಅಲ್ಲಿ ಕಾಗದ ಓದುವ ಒಬ್ಬ ಹುಡುಗ ಬಂದಿದ್ದಾನೆ. ಅವನಿಗೂ ಮೂರು ಕಣ್ಣು. ಗುಟ್ಟಿನ ಕಾಗದ ಸಿಕ್ಕಿದಾಗ ಅವನು ಅದರಲ್ಲಿ ಇಲ್ಲದ್ದನ್ನೇ ಓದಿ ಹೇಳುತ್ತಾನಂತೆ.

"ಎಂತ ಓದ್ತಾನೆ?" ಅಂತ ಕೇಳಿದೆ.

"ಅದನ್ನೇ ಯೋಚ್ನೆ ಮಾಡ್ತಿದೀನಿ. ನೀನಾದ್ರೆ ಎಂತ ಓದ್ತಿದ್ದೆ ಮಾವ?"